ಬೀಗದ ಅಂಗಡಿಗೆ ಬಂದ ಹೊಸ ಬೀಗರು

ನಮ್ಮ ಅಂಗಡಿಯ ಕೀರ್ತಿಯನ್ನು ಮೂರು ಲೋಕಕ್ಕೂ ಮುಟ್ಟಿಸದೆ ನಾನು ವಿಶ್ರಮಿಸುವುದಿಲ್ಲ ಎಂದು ಒಂದು ಬೆಳಿಗ್ಗೆ ಶಪಥ ಮಾಡಿದೆ. ಶಪಥ ಮಾಡುವಾಗ ವಿಶ್ರಮಿಸುತ್ತಲೇ ಇದ್ದೆ ಅನ್ನಿ, ಕೌಂಟರಿನ ಹಿಂದಿನ ಕುರ್ಚಿಯಲ್ಲಿ ಕಾಲು ಚಾಚಿಕೊಂಡು. ಆದರೂ ಶಪಥ ಶಪಥವೇ!

"ನಮ್ಮ ಅಂಗಡಿ" ಎಂದೆನಲ್ಲ, ಅಲ್ಲೊಂದು ತಿದ್ದುಪಡಿ ಬೇಕು. ಅಂಗಡಿ ನನ್ನ ಹೆಂಡತಿಯದು. ಬೀಗದ ಅಂಗಡಿ. ಅವಳ ಅಪ್ಪನಿಂದ ಅವಳಿಗೆ ಬಂದದ್ದು. ಒಂದು ಬಾಗಿಲಿನಷ್ಟು ಅಗಲ, ಮೂರು ಬಾಗಿಲಿನಷ್ಟು ಉದ್ದ. ಗೋಡೆ ತುಂಬ ಮೊಳೆಗಳಿಗೆ ನೇತುಹಾಕಿದ, ಇನ್ನೂ ಹಲ್ಲು ಮೂಡದ ಕೀಗಳು. ಮೂಲೆಯಲ್ಲಿ ಅವುಗಳಿಗೆ ಹಲ್ಲು ಕೊರೆಯುವ ಮೆಷಿನ್ನು, ಅದರ ಮುಂದೆ ಕನ್ನಡಕ ಏರಿಸಿಕೊಂಡು ಕೂತ ನನ್ನವಳು. ಕೀ ಕಳೆದುಕೊಂಡು ಅಳುತ್ತ ಬಂದವರು ಇವಳ ಮುಂದೆ ನಿಂತು ನಗುತ್ತ ಹೋಗುತ್ತಾರೆ. ಆಫೀಸಿನಿಂದ ನಿವೃತ್ತನಾದ ಮೇಲೆ ನನಗೆ ಇಲ್ಲಿ ಸಿಕ್ಕಿದ ಖಾತೆ ಎಂದರೆ, ಕೀ ತಯಾರಾಗುವ ತನಕ ಗಿರಾಕಿಗಳನ್ನು ಮಾತಾಡಿಸುವುದು. ಅದನ್ನು ನಾನು ಎಷ್ಟು ದಕ್ಷವಾಗಿ ನಿಭಾಯಿಸಿದೆನೆಂದರೆ, ಕೆಲವರು ಕೀ ತೆಗೆದುಕೊಳ್ಳದೆಯೇ ಹೊರಟುಹೋಗುತ್ತಿದ್ದರು.

"ಕಾಲ ಬದಲಾಗಿದೆ ಕಣೇ," ಎಂದೆ. "ಫೋನಿನಲ್ಲಿ ಒಂದು ಪೇಜ್ ಇಲ್ಲದ ಅಂಗಡಿ ಅಂಗಡೀನೇ ಅಲ್ಲ. ನಾನೊಂದು ಮಾಡ್ತೀನಿ."

"ಮಾಡಿ. ಕೈಗೆ ಕೆಲಸ ಸಿಕ್ಕಿದ್ರೆ ಬಾಯಿಗೆ ಸ್ವಲ್ಪ ರಜ ಸಿಗುತ್ತೆ," ಎಂದಳು. ಆಮೇಲೆ ಮೆಷಿನ್ನು ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿ ಒಂದೇ ಒಂದು ಷರತ್ತು ಹಾಕಿದಳು. "ಗಿರಾಕಿಗಳ ಕೀ ಫೋಟೋ ಮಾತ್ರ ಹಾಕ್ಬೇಡಿ. ಹಲ್ಲು ಸರಿಯಾಗಿ ಕಂಡ್ರೆ ಸಾಕು, ಕೆಲಸ ಗೊತ್ತಿರೋನು ಫೋಟೋ ನೋಡ್ಕೊಂಡೇ ಇನ್ನೊಂದು ಕೀ ಮಾಡಿಬಿಡ್ತಾನೆ."

"ಅಷ್ಟೂ ಗೊತ್ತಾಗಲ್ವೇನೇ ನನಗೆ?"

ಗೊತ್ತಾಯಿತು. ಷರತ್ತನ್ನು ಅಕ್ಷರಶಃ ಪಾಲಿಸಿದೆ. ನಮ್ಮ ಪೇಜಿನಲ್ಲಿ ಯಾವ ಕೀಯ ಯಾವ ಹಲ್ಲೂ ಕಾಣಿಸಲಿಲ್ಲ. ಕಂಡದ್ದೆಲ್ಲ ನನ್ನ ಹಲ್ಲು! ಷಟರಿನ ಪಕ್ಕದಲ್ಲಿ ನಾನು, ಮೆಷಿನ್ನಿನ ಪಕ್ಕದಲ್ಲಿ ನಾನು, ದೊಡ್ಡ ಗೋದಾಮಿನ ಬೀಗವನ್ನು ಮಗುವಿನ ಹಾಗೆ ಎತ್ತಿಕೊಂಡ ನಾನು. ಕೆಳಗೆ ನನ್ನದೇ ಸಾಹಿತ್ಯ. "ನಮ್ಮಲ್ಲಿ ಬೀಗ ಕೊಂಡವರು ಬೀಗುತ್ತಾರೆ!!!" "ಬಾಯಿ ಒಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಬೀಗ ಹಾಕಿಕೊಡಲಾಗುತ್ತದೆ!!!" ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತೇವೆ, ಯಾವಾಗ ಊಟಕ್ಕೆ ಹೋಗುತ್ತೇವೆ, ನನ್ನ ಹುಟ್ಟಿದ ದಿನ ಯಾವುದು, ನನ್ನ ಫೋನ್ ನಂಬರ್ ಏನು, ಎಲ್ಲವನ್ನೂ ಲೋಕಕ್ಕೆ ತಿಳಿಸಿದೆ. ಲೋಕ ಕೇಳಿರಲಿಲ್ಲ. ಆದರೂ ತಿಳಿಸಿದೆ.

ಅಷ್ಟರಲ್ಲಿ ಮಗಳ ಮದುವೆ ಆಯಿತು. ಅಳಿಯನ ಅಪ್ಪ, ಅಂದರೆ ನನ್ನ ಬೀಗರು, ಹಲ್ಲಿನ ಡಾಕ್ಟರು. ದಿನವಿಡೀ ಬಾಯಿ ತೆರೆದವರನ್ನೇ ನೋಡಿ ನೋಡಿ, ತಾವಂತೂ ತೆರೆಯುವುದು ಬೇಡ ಎಂದು ತೀರ್ಮಾನಿಸಿದ ಹಾಗಿದ್ದರು. ಮದುವೆಮನೆಯಲ್ಲಿ ನಾನು ಒಂದು ಗಂಟೆ ಮಾತಾಡಿದರೆ ಅವರು ಒಂದು "ಹೂಂ" ಹೇಳುತ್ತಿದ್ದರು. ನನ್ನ ಪೋಸ್ಟುಗಳಿಗೂ ಅಷ್ಟೇ, ತಪ್ಪದೆ ಒಂದು ಹೆಬ್ಬೆರಳು ಒತ್ತುತ್ತಿದ್ದರು, ಒಂದಕ್ಷರ ಬರೆಯುತ್ತಿರಲಿಲ್ಲ. ಈ ಮನುಷ್ಯನಿಂದ ಒಂದು ಸಲ ಭೇಷ್ ಅನ್ನಿಸಿಕೊಳ್ಳಬೇಕು ಎಂಬ ಆಸೆ ನನ್ನೊಳಗೆ ಬೇರು ಬಿಟ್ಟಿತು.

ಆ ಆಸೆಯಿಂದಲೇ ನನ್ನ ಮೇರುಕೃತಿ ಹುಟ್ಟಿತು. ಅವರ ಆಸ್ಪತ್ರೆಯ ಬೋರ್ಡಿನ ಕೆಳಗೆ ಇಬ್ಬರೂ ನಿಂತ ಫೋಟೋ. ಬೋರ್ಡಿನ ಮೇಲೆ ಅವರ ಹೆಸರು, ಡಿಗ್ರಿ, ವಿಳಾಸ, ಎಲ್ಲ ಫಳಫಳ. ಅಡಿಬರಹ: "ಬೀಗದ ಅಂಗಡಿಗೆ ಹೊಸ ಬೀಗರು ಬಂದರು!!! ಇವರು ಏನು ಕೇಳಿದರೂ ಇಲ್ಲ ಎನ್ನುವ ಎದೆ ನನಗಿಲ್ಲ!!!" ಅದನ್ನು ಹಾಕಿ, ನಾನೇ ಇನ್ನೊಂದು ಸಲ ಓದಿಕೊಂಡು ಬೀಗಿದೆ.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಅಂಗಡಿ ತೆರೆದು ಕೂತಿದ್ದೆ. ಫೋನು ಟಿಂಗ್ ಎಂದಿತು. ನೋಡಿದರೆ ಬೀಗರ ಮೆಸೇಜು! ಪಕ್ಕದ ಪುಟ್ಟ ಫೋಟೋದಲ್ಲಿ ಆಸ್ಪತ್ರೆಯ ಮುಂದೆ ನಿಂತ ಅದೇ ಮುಖ, ಅದೇ ಹೆಸರು.

"ಬೀಗರೇ, ನಮಸ್ಕಾರ. ನಿಮ್ಮ ಪೇಜ್ ನೋಡಿ ತುಂಬಾ ಸಂತೋಷವಾಯಿತು. ನಮ್ಮ ಆಸ್ಪತ್ರೆಗೂ ಅಂಥದ್ದೇ ಒಂದು ಮಾಡಿಸುತ್ತಿದ್ದೇನೆ. ನಿಮ್ಮ ಪೇಜನ್ನೇ ಮಾದರಿ ಎಂದು ಕೊಟ್ಟಿದ್ದೇನೆ. ಈಗ ನಿಮ್ಮ ಫೋನಿಗೆ ಒಂದು ನಂಬರ್ ಬರುತ್ತದೆ. ದಯವಿಟ್ಟು ಕಳಿಸಿಕೊಡಿ. ನಿಮ್ಮಂಥ ಬೀಗರು ಸಿಕ್ಕಿದ್ದು ನಮ್ಮ ಭಾಗ್ಯ."

ಓದುತ್ತ ಓದುತ್ತ ನನ್ನ ಕಣ್ಣು ಮಂಜಾಯಿತು. ಮಾದರಿ! ಭಾಗ್ಯ! ಹೂಂ ಎನ್ನುವುದಕ್ಕೂ ಜಿಪುಣತನ ಮಾಡುವ ಮನುಷ್ಯನ ಒಳಗೆ ಇಷ್ಟೊಂದು ಅಭಿಮಾನ ಬಚ್ಚಿಟ್ಟುಕೊಂಡಿತ್ತೇ? ಅಷ್ಟರಲ್ಲಿ ಆ ನಂಬರೂ ಬಂತು. ಅದರ ಕೆಳಗೆ ಒಂದು ಎಚ್ಚರಿಕೆಯೂ ಬಂತು: ಈ ಓಟಿಪಿಯನ್ನು ಯಾರಿಗೂ ಹೇಳಬೇಡಿ.

ಸತ್ಯ ಹೇಳುತ್ತೇನೆ, ಓದಿದೆ. ಓದಲಿಲ್ಲ ಎಂದು ಸುಳ್ಳು ಹೇಳಿ ಪಾರಾಗಬಹುದಿತ್ತು, ಆದರೆ ಓದಿದೆ. ಅರ್ಥವನ್ನೂ ಮಾಡಿಕೊಂಡೆ. ಯಾರಿಗೂ ಎಂದರೆ ಯಾರೋ ಕಂಡಕಂಡವರಿಗೆ. ಬೀಗರು ಯಾರೋನಾ? ಹೆಣ್ಣು ಕೊಟ್ಟ ಮನೆಯವರು! ಮಗಳನ್ನೇ ಕೊಟ್ಟವನು ಒಂದು ನಂಬರ್ ಕೊಡಲಾರೆನೇ? ಕಳಿಸಿದೆ. ಜೊತೆಗೆ, "ಇನ್ನೇನು ಬೇಕಿದ್ದರೂ ಸಂಕೋಚ ಬೇಡ!!!" ಎಂದೂ ಸೇರಿಸಿದೆ. ಅವರು ಸಂಕೋಚಪಡಲಿಲ್ಲ, ಇನ್ನೊಂದು ನಂಬರ್ ಕೇಳಿದರು. ಅದನ್ನೂ ಕಳಿಸಿದೆ.

"ಬೀಗರು ಮೆಸೇಜ್ ಮಾಡಿದ್ರು ಕಣೇ," ಎಂದೆ, ಆದಷ್ಟು ಸಹಜವಾಗಿ.

"ಯಾವ ಬೀಗರು?"

"ನಮಗೆ ಎಷ್ಟು ಜನ ಬೀಗರಿದ್ದಾರೆ? ಏನೋ ಸಹಾಯ ಬೇಕಿತ್ತಂತೆ. ನನ್ನನ್ನ ಕೇಳಿದ್ರು."

"ಸಹಾಯ ಬೇಕಾದ್ರೆ ಫೋನ್ ಮಾಡ್ತಿದ್ರಲ್ಲ?"

"ಪೇಷೆಂಟ್ ಬಾಯೊಳಗೆ ಎರಡೂ ಕೈ ಇಟ್ಟಿರ್ತಾರೆ. ಫೋನ್ ಹೇಗೆ ಹಿಡ್ಕೋತಾರೆ?"

"ಹಾಗಿದ್ರೆ ಮೆಸೇಜ್ ಹೇಗೆ ಟೈಪ್ ಮಾಡಿದ್ರು?" ಎಂದು ಕೇಳಿ ಅವಳು ಮೆಷಿನ್ನು ಹಾಕಿದಳು. ಅದರ ಸದ್ದಿನಲ್ಲಿ ಉತ್ತರ ಕೇಳಿಸುವುದಿಲ್ಲವಾದ್ದರಿಂದ ನಾನು ಕೊಡಲಿಲ್ಲ. ನನ್ನ ಹತ್ತಿರ ಇರಲೂ ಇಲ್ಲ.

ಸ್ವಲ್ಪ ಹೊತ್ತಿಗೆ, "ನಮ್ಮ ಪೇಜನ್ನು ನೋಡಿ ಹಲ್ಲಿನ ಡಾಕ್ಟರೂ ಹಲ್ಲು ಬಿಟ್ಟರು!!!" ಎಂಬ ಹೊಸ ಪೋಸ್ಟು ಹಾಕೋಣವೆಂದು ಹೋದೆ. ಪಾಸ್‌ವರ್ಡ್ ತಪ್ಪು ಎಂದಿತು ಫೋನು. ಮತ್ತೆ ಹೊಡೆದೆ. ತಪ್ಪು. ಕನ್ನಡಕ ಒರೆಸಿಕೊಂಡು ಹೊಡೆದೆ. ತಪ್ಪು.

"ಪೇಜ್ ತೆರೀತಾ ಇಲ್ಲ. ಬೀಗ ಹಾಕ್ಕೊಂಡುಬಿಟ್ಟಿದೆ ಕಣೇ."

ಬೀಗ ಎಂಬ ಮಾತು ಕಿವಿಗೆ ಬಿದ್ದದ್ದೇ ಇವಳು ಎದ್ದು ಬಂದಳು. ಕಚ್ಚಿಕೊಂಡ ಬೀಗ, ತುಕ್ಕು ಹಿಡಿದ ಬೀಗ, ಒಳಗೆ ಕೀ ಮುರಿದುಕೊಂಡ ಬೀಗ, ಯಾವುದಕ್ಕೂ ಸೋತವಳಲ್ಲ. ಫೋನನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಇದಕ್ಕೆ ಕೀ ಹಾಕೋ ತೂತೇ ಇಲ್ವಲ್ರೀ," ಎಂದು ವಾಪಸ್ಸು ಕೊಟ್ಟಳು.

ಆಗ ಅಂಗಡಿಯ ಫೋನು ಬಡಿದುಕೊಂಡಿತು. ಎತ್ತಿದೆ.

"ಬೀಗರೇ," ಎಂದಿತು ಆ ಕಡೆಯ ದನಿ. ಸಾಕ್ಷಾತ್ ಹಲ್ಲಿನ ಡಾಕ್ಟರು! ಒಂದೇ ದಿನದಲ್ಲಿ ಮೆಸೇಜೂ ಫೋನೂ! ನಾನು ಕುರ್ಚಿಯಿಂದ ಎದ್ದೇ ನಿಂತೆ.

"ಬೀಗರೇ, ನಂಬರ್ ತಲುಪಿತಾ?" ಎಂದೆ.

"ಯಾವ ನಂಬರು?"

"ಅದೇ, ಬೆಳಿಗ್ಗೆ ಮೆಸೇಜಿನಲ್ಲಿ ಕೇಳಿದ್ರಲ್ಲ."

"ನಾನು ಮೆಸೇಜ್ ಮಾಡಿಲ್ಲ."

"ನಿಮ್ಮಂಥ ಬೀಗರು ಸಿಕ್ಕಿದ್ದು ನಮ್ಮ ಭಾಗ್ಯ ಅಂತ ಬರೆದಿದ್ರಿ."

"ನಾನು ಹಾಗೆ ಬರೀತೀನಾ?"

ಯೋಚಿಸಿದೆ. ಬರೆಯುವುದಿಲ್ಲ. ಅಲ್ಲಿಗೆ ಎದ್ದಿದ್ದವನು ಕೂತೆ.

"ನಿಮ್ಮ ಪೇಜಿನಲ್ಲಿ ಈಗ ಒಂದು ಪೋಸ್ಟ್ ಬಂದಿದೆ," ಎಂದರು ಅವರು. "ಊರವರ ಹಲ್ಲು ಕೇಳ್ತಾ ಇದೆ."

"ಹಲ್ಲು?"

"ಕೀ ಹಲ್ಲು. ಓದ್ತೀನಿ, ಕೇಳಿ. 'ಹಳೆಯ ಗಿರಾಕಿಗಳಿಗೆ ಉಚಿತ ಕೊಡುಗೆ. ನಿಮ್ಮ ಮನೆಯ ಕೀಯ ಎರಡೂ ಬದಿಯ ಸ್ಪಷ್ಟ ಫೋಟೋ ಮತ್ತು ವಿಳಾಸ ಕಳುಹಿಸಿ. ಹೆಚ್ಚುವರಿ ಕೀಯನ್ನು ಮನೆಗೇ ತಲುಪಿಸುತ್ತೇವೆ.' ಇದು ನಿಮ್ಮದಲ್ಲ ತಾನೆ?"

ಇವಳು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆಂದು ತಲೆ ತಗ್ಗಿಸಿಕೊಂಡೆ. ಬೈಯಲಿಲ್ಲ. ಕೈ ಒರೆಸಿಕೊಂಡು ಮೆಷಿನ್ನಿನ ಸ್ವಿಚ್ಚು ಆರಿಸಿದಳು. ಅಂಗಡಿ ತೆರೆದಿರುವಾಗ ಆ ಮೆಷಿನ್ನಿನ ಸ್ವಿಚ್ಚೇ ಆರಿದ್ದನ್ನು ನಾನು ಕಂಡಿರಲಿಲ್ಲ.

"ಅಂಗಡಿ ನನ್ನ ಕೈಗೆ ಕೊಟ್ಟಾಗ ಅಪ್ಪ ಹೇಳಿದ್ದು ಒಂದೇ ಮಾತು," ಎಂದಳು. "ಜನ ನಮ್ಮ ಕೈಗೆ ಕೊಡೋದು ಕೀ ಅಲ್ಲ, ಮನೆ ಅಂತ. ನಮ್ಮ ಹೆಸರು ನಂಬಿ ಯಾರಾದ್ರೂ ಫೋಟೋ ಕಳಿಸಿ, ಅವರ ಮನೆಗೆ ಕಳ್ಳ ನುಗ್ಗಿದ ಅನ್ನಿ. ಆಮೇಲೆ ನಾನು ಈ ಷಟರ್ ಎತ್ತಲ್ಲ."

ಎತ್ತಲ್ಲ ಎಂದರೆ ಎತ್ತುವುದಿಲ್ಲ. ಇವಳ ಮಾತು ಇವಳು ಹಾಕಿದ ಬೀಗದ ಹಾಗೆ, ಒಂದು ಸಲ ಬಿತ್ತೆಂದರೆ ಬಿತ್ತು. ಹೆಸರು ತರುತ್ತೇನೆಂದು ಹೊರಟ ನಾನು, ಇದ್ದ ಹೆಸರನ್ನು ಕಳ್ಳನ ಕೈಗೆ ಕೊಟ್ಟು, ಸಂಕೋಚ ಬೇಡ ಎಂದಿದ್ದೆ.

"ಊರಿನ ಬಾಗಿಲಿಗೆಲ್ಲ ಬೀಗ ಹಾಕಿದೀನಿ," ಎಂದಳು, ಫೋನ್ ಕೈಗೆತ್ತಿಕೊಳ್ಳುತ್ತ. "ನಿಮ್ಮ ಬಾಯಿಗೊಂದು ಹಾಕೋಕೆ ಆಗಲಿಲ್ಲ."

ಅಲ್ಲಿಂದ ಶುರುವಾಯಿತು ಯುದ್ಧ. ಇವಳ ಫೋನಿನಲ್ಲಿ ಗಿರಾಕಿಗಳ ಹೆಸರಿಲ್ಲ, ಬೀಗದ ಲಕ್ಷಣಗಳಿವೆ. "ತುಕ್ಕು ಗೇಟು", "ಎರಡು ಸಲ ತಿರುಗಿಸಿ", "ಎಡಗೈ ಬಾಗಿಲು", "ಯಾವಾಗಲೂ ಕೀ ಕಳೆಯೋರು". ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳತೊಡಗಿದಳು. ಪಕ್ಕದಿಂದ ಇಣುಕಿದಾಗ ನನ್ನ ನಂಬರೂ ಕಣ್ಣಿಗೆ ಬಿತ್ತು. "ತೆರೆದ ಬಾಗಿಲು" ಎಂದು ಬರೆದುಕೊಂಡಿದ್ದಳು. ಇದು ಪ್ರಶಂಸೆ ಇರಬಹುದು ಎಂದು ಆ ಗಳಿಗೆಯಲ್ಲೂ ಒಂದು ಆಸೆ ಬಂತು.

ನಾನು ಮಗಳಿಗೆ ಫೋನ್ ಹಚ್ಚಿದೆ. ಅವಳು ಎಲ್ಲ ಕೇಳಿ, "ಅಪ್ಪ, ಓಟಿಪಿ ಕೊಟ್ಟೆಯಾ?" ಎಂದಳು.

"ಕೊಟ್ಟೆ."

"ಕೊಡಬೇಡಿ ಅಂತ ಬರೆದಿತ್ತಲ್ಲ."

"ನಿನ್ನ ಮಾವ ಕೇಳಿದ್ರಲ್ಲಮ್ಮ."

"ನಮ್ಮ ಮಾವ ಊಟಕ್ಕೆ ಕೂತಾಗ ಉಪ್ಪನ್ನೂ ಕೇಳಲ್ಲ," ಎಂದಳು. "ಸರಿ, ಪೇಜ್ ಕಂಪನಿಗೆ ನಾನು ದೂರು ಹಾಕ್ತೀನಿ. ನೀನು ಮಾತ್ರ ಏನನ್ನೂ ಒತ್ತಬೇಡ."

ಏನನ್ನೂ ಒತ್ತದೆ ಕೂತೆ. ಹೀಗೆ ಕೂತಿದ್ದಾಗ ಅಂಗಡಿಯ ಬಾಗಿಲಲ್ಲಿ ಬಿಳಿ ಕೋಟೊಂದು ಕಾಣಿಸಿತು. ಬೀಗರು! ಆಸ್ಪತ್ರೆ ಬಿಟ್ಟು, ಮುಖಕ್ಕೆ ಹಾಕಿದ ಮಾಸ್ಕನ್ನು ಗಲ್ಲಕ್ಕಿಳಿಸಿಕೊಂಡು, ಹಾಗೆಯೇ ನಡೆದು ಬಂದಿದ್ದರು.

"ಒಬ್ಬರು ಫೋಟೋ ಹಾಕಿದಾರೆ," ಎಂದು ತಮ್ಮ ಫೋನನ್ನು ಇವಳ ಮುಂದೆ ಹಿಡಿದರು.

ಹಾಕಿದವರು ಹೆಡ್ ಮೇಡಂ. ಶಾಲೆಯಿಂದ ನಿವೃತ್ತರಾಗಿ ಒಂಟಿಯಾಗಿ ಇರುವವರು, ಇವಳ ಅಪ್ಪನ ಕಾಲದಿಂದಲೂ ನಮ್ಮ ಗಿರಾಕಿ. ಗುಟ್ಟಾಗಿ ಕಳಿಸುವುದನ್ನು ಬಿಟ್ಟು, ಪೋಸ್ಟಿನ ಕೆಳಗೆ ಎಲ್ಲರಿಗೂ ಕಾಣುವಂತೆಯೇ ಹಾಕಿದ್ದರು. ಕೀಯನ್ನು ತಮ್ಮ ವಿಳಾಸವಿದ್ದ ಲಕೋಟೆಯ ಮೇಲಿಟ್ಟು, ಎರಡೂ ಬದಿ, ಒಳ್ಳೆಯ ಬೆಳಕಿನಲ್ಲಿ. ಇವಳು ಒಂದು ಕ್ಷಣ ಹಲ್ಲುಗಳನ್ನೇ ದಿಟ್ಟಿಸಿದಳು. "ನಾನೇ ಕೊರೆದದ್ದು," ಎಂದು ಹೇಳಿ, ಗೋಡೆಯಿಂದ ಹೊಸ ಬೀಗವೊಂದನ್ನು ಇಳಿಸಿ, ಸಲಕರಣೆ ಚೀಲವನ್ನು ನನ್ನ ಹೆಗಲಿಗೆ ಹಾಕಿದಳು.

"ಅಂಗಡಿ?" ಎಂದೆ.

"ನಾನಿರ್ತೀನಿ," ಎಂದರು ಬೀಗರು. ಕೌಂಟರಿನ ಹಿಂದೆ ಹೋಗಿ ನನ್ನ ಕುರ್ಚಿಯಲ್ಲಿ ಕೂತು, ಬಡಿದುಕೊಳ್ಳುತ್ತಿದ್ದ ಫೋನನ್ನು ಎತ್ತಿ, "ಕಳಿಸಬೇಡಿ. ಮೋಸ," ಎಂದು ಹೇಳಿ ಇಟ್ಟರು. ನಾನಾಗಿದ್ದರೆ ಆ ವಿಷಯಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದೆ.

ಹೆಡ್ ಮೇಡಂ ಮನೆಗೆ ಓಡಿದೆವು. ಓಡಿದೆವು ಎಂದರೆ ಇವಳು ಓಡಿದಳು, ನಾನು ಚೀಲದ ಜೊತೆ ಹಿಂದೆ ಬಂದೆ. ಬಾಗಿಲು ಮುಚ್ಚಿತ್ತು. ಇವಳು ಬಡಿದಳು. ಉತ್ತರವಿಲ್ಲ. ಮತ್ತೆ ಬಡಿದಳು. ಆಮೇಲೆ ಒಳಗಿಂದ ನಿಧಾನವಾಗಿ ಚಪ್ಪಲಿಯ ಸದ್ದು ಬಂತು. ಬಾಗಿಲು ತೆರೆದ ಮೇಡಂ ನಮ್ಮನ್ನು ನೋಡಿ, "ಇಷ್ಟು ಬೇಗ ತಂದ್ರಾ? ಭೇಷ್," ಎಂದರು. ಇಷ್ಟು ದಿನ ಕಾದಿದ್ದ ಭೇಷ್ ಕೊನೆಗೂ ಸಿಕ್ಕಿತು, ಕಳ್ಳನ ಲೆಕ್ಕದ್ದು!

ಇವಳು ಬಾಗಿಲ ಮುಂದೆ ಕೂತು ಹಳೆ ಬೀಗ ಬಿಚ್ಚಿ ಹೊಸದನ್ನು ಕೂರಿಸುವಷ್ಟರಲ್ಲಿ ನಾನು ಎಲ್ಲವನ್ನೂ ಒಪ್ಪಿಕೊಂಡೆ.

"ಮೇಡಂ, ನಿಮಗೆ ಅನುಮಾನ ಬರಲಿಲ್ವಾ?" ಎಂದು ಕೇಳಿದೆ.

"ಬರಲಿಲ್ಲ. ಸಂತೋಷ ಬಂತು. ನಿಮ್ಮ ಬರಹದಲ್ಲಿ ಮೊದಲ ಸಲ ಕಾಗುಣಿತ ಸರಿಯಿತ್ತು. ಒಂದು ವಾಕ್ಯಕ್ಕೆ ಒಂದೇ ಚುಕ್ಕಿ ಇತ್ತು. ಅಂತೂ ಸುಧಾರಿಸಿದ್ರಲ್ಲ ಅಂತ ಉತ್ತೇಜನಕ್ಕೆ ಫೋಟೋ ಹಾಕಿದೆ."

ಹೊಸ ಬೀಗ ಟಕ್ ಎಂದು ಬಿದ್ದಿತು. ಆ ಸದ್ದಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಮೇಡಂ ಹಳೆಯ ಕೀಯನ್ನು ನನ್ನ ಅಂಗೈಗೆ ಹಾಕಿ, "ಇದನ್ನು ನೋಡಿದಾಗೆಲ್ಲ ಒಂದು ಸಲ ಯೋಚ್ನೆ ಮಾಡಿ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಗುತ್ತಿದ್ದರು, ಹಾಗಾಗಿ ಕಣ್ಣಲ್ಲಿ ನೀರು ಬಂತು.

ವಾಪಸ್ಸು ಬಂದಾಗ ಬೀಗರು ಅದೇ ಕುರ್ಚಿಯಲ್ಲಿ ಅದೇ ಭಂಗಿಯಲ್ಲಿದ್ದರು. ಮೇಡಂ ಬಿಟ್ಟರೆ ಬೇರೆ ಯಾರೂ ಫೋಟೋ ಕಳಿಸಿಲ್ಲವಂತೆ. ಫೋನ್ ಮಾಡಿದವರೆಲ್ಲ, ನಮಗೆ ಆಗಲೇ ಅನುಮಾನ ಬಂತು, ಕೇಳೋಣ ಅಂತ ಮಾಡಿದ್ವಿ ಎಂದರಂತೆ. ಬೀಗರು ತಮ್ಮ ಪೇಷೆಂಟುಗಳಿಗೂ ಒಬ್ಬರನ್ನೂ ಬಿಡದೆ ಹೇಳಿದ್ದರಂತೆ.

"ಬಾಯಿ ತೆರೆದಿದ್ರು. ಎದುರಾಡಲಿಲ್ಲ," ಎಂದರು.

"ಬೀಗರೇ, ನಿಮಗೆ ಹೇಗೆ ಗೊತ್ತಾಯ್ತು, ಅದು ನಾನಲ್ಲ ಅಂತ?"

"ಅದರಲ್ಲಿ ಕೆಟ್ಟ ಜೋಕ್ ಇರಲಿಲ್ಲ."

ಇವಳು ಅಂದಿನ ಮೊದಲ ನಗೆ ನಕ್ಕಳು. ನಾನು ಸಾವರಿಸಿಕೊಂಡು ಕೇಳಿದೆ. "ಅಂದ್ರೆ ನೀವು ನನ್ನ ಪೋಸ್ಟುಗಳನ್ನ ಓದ್ತೀರಾ?"

"ಎಲ್ಲಾನೂ. ಮರಗಟ್ಟೋ ಇಂಜೆಕ್ಷನ್ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಕಾಯ್ಬೇಕು. ಆಗ ಓದ್ತೀನಿ. ಪೇಷೆಂಟಿಗೂ ಓದಿ ಹೇಳ್ತೀನಿ."

"ಅವರು ಏನಂತಾರೆ?"

"ಮರಗಟ್ಟಿರುತ್ತೆ. ನೋವಾಗಲ್ಲ."

ಇದು ಬೀಗರು ಮಾಡಿದ ಜೋಕೋ, ವೈದ್ಯಕೀಯ ಸತ್ಯವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಆ ಗಳಿಗೆಯಲ್ಲಿ ನನ್ನ ಎದೆ ತುಂಬಿ ಬಂತು. ಒಂದಕ್ಷರ ಬರೆಯದೆ, ಒಂದು ನಗೆ ನಗದೆ, ನನ್ನ ಒಂದೊಂದು ಸಾಲನ್ನೂ ಓದಿದ ಮನುಷ್ಯ! ಅಷ್ಟು ಓದಿದ್ದಕ್ಕೇ ತಾನೆ ಅದು ನಾನಲ್ಲ ಎಂದು ಅವರಿಗೆ ಗೊತ್ತಾದದ್ದು? ಅವರ ಎರಡೂ ಕೈ ಹಿಡಿದುಕೊಂಡು, "ನಿಮ್ಮಂಥ ಬೀಗರು ಸಿಕ್ಕಿದ್ದು ನಮ್ಮ ಭಾಗ್ಯ," ಎಂದೆ. ಕಳ್ಳ ಬರೆದ ಮಾತೇ ನನ್ನ ಬಾಯಿಗೆ ಬಂದದ್ದು ಹೌದು. ಆದರೆ ಅವನು ಸುಳ್ಳಿಗೆ ಬರೆದದ್ದನ್ನು ನಾನು ನಿಜಕ್ಕೆ ಹೇಳಿದೆ.

"ಹೂಂ," ಎಂದರು ಬೀಗರು. ಮಾಸ್ಕನ್ನು ಮೇಲೇರಿಸಿಕೊಂಡು ಆಸ್ಪತ್ರೆಗೆ ಹೋದರು.

ಮಗಳು ಕಂಪನಿಯ ಬೆನ್ನು ಬಿದ್ದು ಕೆಲವೇ ದಿನಗಳಲ್ಲಿ ಪೇಜನ್ನು ಬಿಡಿಸಿಕೊಂಡು ಬಂದಳು. ಯಾರ ಮನೆಗೂ ಕಳ್ಳ ಬರಲಿಲ್ಲ, ಷಟರು ದಿನಾ ಏಳುತ್ತಿದೆ. ಈ ಭಾಗ್ಯಕ್ಕೆ ಬೆಳಿಗ್ಗೆ ಎದ್ದ ಕೂಡಲೇ ಬೀಗರನ್ನೂ ಮಗಳನ್ನೂ ಇವಳ ಫೋನಿನ ಆ ತುಕ್ಕು ಗೇಟು, ಎಡಗೈ ಬಾಗಿಲುಗಳನ್ನೂ ನೆನೆಯುತ್ತೇನೆ. ಪೇಜನ್ನು ಮುಚ್ಚಿಬಿಡೋಣ ಎಂದು ನಾನೇ ಹೇಳಿದೆ. ಆಶ್ಚರ್ಯವೆಂದರೆ ಇವಳೇ ಬೇಡವೆಂದಳು.

"ಜನ ನಿಮ್ಮ ಜೋಕು ಓದಿದ್ದಕ್ಕೇ ಅಲ್ವಾ ಬಚಾವಾದದ್ದು? ಬರೀರಿ. ಆದ್ರೆ ಕೀ ನಿಮ್ಮ ಹತ್ರ ಇರಬಾರದು."

ಅವಳೂ ಮಗಳೂ ಕೂತು ಹೊಸ ವ್ಯವಸ್ಥೆ ಮಾಡಿದರು. ಪಾಸ್‌ವರ್ಡ್ ಇವಳಿಗೆ ಮಾತ್ರ ಗೊತ್ತು. ಪೇಜ್ ತೆರೆಯಲು ಬೇಕಾದ ಓಟಿಪಿ ಬರುವುದು ಬೀಗರ ಫೋನಿಗೆ. ನಾನು ಒಂದು ಪೋಸ್ಟ್ ಹಾಕಬೇಕಾದರೆ ಇವಳ ಮುಂದೆ ಕೈ ಕಟ್ಟಿ ನಿಂತು, ಆಮೇಲೆ ಬೀಗರಿಗೆ ಫೋನ್ ಮಾಡಿ ಬೇಡಬೇಕು.

ನಿನ್ನೆ ಮಾಡಿದೆ.

"ಬೀಗರೇ, ನಾನು. ಒಂದು ನಂಬರ್ ಬಂದಿರುತ್ತೆ, ದಯವಿಟ್ಟು ಹೇಳಿ."

"ನೀವು ನಮ್ಮ ಬೀಗರೇ ಅಂತ ಏನು ಗ್ಯಾರಂಟಿ?"

"ಅಯ್ಯೋ, ನನ್ನ ದನಿ ಗೊತ್ತಾಗಲ್ವಾ?"

"ದನಿ ಯಾರು ಬೇಕಾದ್ರೂ ಮಾಡ್ತಾರಂತೆ ಈಗ. ಒಂದು ಜೋಕ್ ಹೇಳಿ."

ನಾನು ಗಂಟಲು ಸರಿಮಾಡಿಕೊಂಡೆ. ಇಷ್ಟು ದಿನದ ಋಣವನ್ನೆಲ್ಲ ಒಂದೇ ಸಾಲಿನಲ್ಲಿ ತೀರಿಸಬೇಕೆಂದು, ಹೃದಯದ ಆಳದಿಂದ ಹೆಕ್ಕಿ ತೆಗೆದು ಹೇಳಿದೆ.

"ನಮ್ಮನೇಲಿ ಬೀಗ ಹಾಕೋದು ಹೆಂಡತಿ, ಬೀಗೋದು ನಾನು, ಬಿಡಿಸೋದು ಬೀಗರು."

ಆ ಕಡೆ ಬಾಯಿ ತೆರೆದುಕೊಂಡಿದ್ದ ಪೇಷೆಂಟೊಬ್ಬರು ನರಳಿದ್ದು ಕೇಳಿಸಿತು.

"ಹೂಂ, ನೀವೇ," ಎಂದರು ಬೀಗರು. "ಇಂಥದ್ದನ್ನ ಯಾವ ಕಳ್ಳನೂ ಕದಿಯಲ್ಲ. ನಂಬರ್ ಬರ್ಕೊಳ್ಳಿ."